ಅಲುಗಬೇಡಿ

ವಾರಕ್ಕೆ ಆರು ದಿನ ನನ್ನ ಬಾಯಲ್ಲಿ ಒಂದೇ ಮಾತು:
ಅಲುಗಬೇಡಿ.
ಗಲ್ಲ ಚೂರು ಮೇಲೆ. ಕಿವಿ ಕಾಣಲಿ. ನಗಬೇಡಿ.
ಕುಶಾಲನಗರದ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮಾಳಿಗೆಯಲ್ಲಿ,
ಬಿಳಿ ಪರದೆ, ಅದರ ಮುಂದೊಂದು ಸ್ಟೂಲು.
ಬೈಲುಕುಪ್ಪೆಯ ಮರಿಭಿಕ್ಷು, ತೋಟದ ರೈಟರು,
ದುಬೈಗೆ ಹೊರಟ ವೆಲ್ಡರು,
ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಾರೆ.
ಎಂಟು ಪ್ರತಿಗೆ ಎಂಬತ್ತು ರೂಪಾಯಿ.

ಭಾನುವಾರ ಯಾರೂ ನನ್ನ ಮಾತು ಕೇಳುವುದಿಲ್ಲ.
ಚಿಕ್ಲಿಹೊಳೆಯ ಅರ್ಧಚಂದ್ರ ಕಟ್ಟೆಯ ಮೇಲೆ
ರೀವ ಹಕ್ಕಿ ಬರುತ್ತದೆ, ಬಂತು ಅನ್ನುವಷ್ಟರಲ್ಲಿ
ಹೋಗಿರುತ್ತದೆ.
ಮೊದಲ ವರ್ಷವಿಡೀ ನಾನು ಹಿಡಿದದ್ದು ಬರೀ ನೀಲಿ,
ಅಂಚಿನಲ್ಲೊಂದು ಬಾಲದ ತುದಿ;
ಇಲ್ಲವೇ ಆಚೆ ದಡದ ಎಲೆ ಎಣಿಸುವಷ್ಟು ಸ್ಪಷ್ಟ,
ಈಚೆಗೆ ಹಕ್ಕಿ ಹೊಗೆ.

ಮದುವೆ ಫೋಟೋ ಸಾಕೆಂದು ಮೆಣಸಿನ ವ್ಯಾಪಾರಕ್ಕಿಳಿದ ಮೊಣ್ಣಪ್ಪ
ತನ್ನ ಉದ್ದ ಲೆನ್ಸನ್ನು ನನಗೆ ಮಾರಿದ ದಿನ
ಮೆನುವಿನೊಳಗೆ ಕೈಹಿಡಿದು ನಡೆಸಿದ:
ಒಮ್ಮೆ ಹಿಡಿದು ಬೀಗ ಹಾಕುವ ಫೋಕಸ್ಸು
ಸ್ಟೂಲಿನ ಮೇಲೆ ಕೂತವರಿಗೆ.
ಹಾರುವವಕ್ಕೆ, ಹಿಡಿಯುತ್ತಲೇ ಇರುವುದು.
ಶಟರಿನಿಂದ ಫೋಕಸ್ ಬಿಡಿಸಿ ಹಿಂದಿನ ಬಟನ್ನಿಗೆ ಕೊಡು,
ಹೆಬ್ಬೆರಳು ನೋಡಲಿ, ತೋರುಬೆರಳು ತೆಗೆಯಲಿ,
ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಾಯಿ ಹಾಕದ ಹಾಗೆ.
ಒಂಟಿ ಚುಕ್ಕಿ ಬೇಡ, ಜಾರುತ್ತದೆ.
ಇಡೀ ಚೌಕಟ್ಟೂ ಬೇಡ, ಅದು ಮೋಡಕ್ಕೂ ಮರುಳಾಗುತ್ತದೆ.
ನಡುವೆ ಒಂದು ಅಂಗೈಯಗಲ ಸಾಕು.
ಸೆಕೆಂಡನ್ನು ಎರಡೂವರೆ ಸಾವಿರ ಚೂರು ಮಾಡು,
ಒಂದು ಚೂರು ತಗೋ.

ಕೊನೆಗೊಂದು ಗೆರೆ, ಮೈನಸ್ ಎರಡರಿಂದ ಪ್ಲಸ್ ಎರಡು:
ನಡುವೆ ರೆಂಬೆ ಅಡ್ಡ ಬಂದರೆ
ಕ್ಯಾಮೆರಾ ಎಷ್ಟು ಹೊತ್ತು ಹಕ್ಕಿಯನ್ನೇ ನಂಬಿಕೊಂಡಿರಬೇಕು
ಎಂಬುದರ ಲೆಕ್ಕ.
ಮೈನಸ್ಸಿಗೆ ಎಳಿ, ಅಂದ.
ತಾಳ್ಮೆಗೂ ಒಂದು ಅಳತೆಗೋಲಿದೆಯೆಂದು
ನನಗೆ ಗೊತ್ತಾದದ್ದು ಆವತ್ತು.

ಎಲ್ಲ ಕಟ್ಟಿ, ಮೇಲಿನ ಚಕ್ರದ ಎರಡನೆಯ ಮನೆಯಲ್ಲಿಟ್ಟೆ.
ಒಂದು ಟಿಕ್ಕಿಗೆ ಸ್ಟುಡಿಯೋ.
ಇನ್ನೊಂದು ಟಿಕ್ಕಿಗೆ ಹೊಳೆ.

ಆಮೇಲೊಂದು ಮಂಗಳವಾರ ಬೀಪಾತುಮ್ಮ ಮೆಟ್ಟಿಲು ಹತ್ತಿ ಬಂದರು.
ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ ಮೂವತ್ತೊಂದು ವರ್ಷ
ಕರಿಬೀಜ ಆರಿಸಿದವರು.
ಪಿಂಚಣಿ ಕಾಗದಕ್ಕೆ ಫೋಟೋ, ಎರಡು ಸಲ ವಾಪಸ್ಸು ಬಂದಿದೆ:
ಮುಖ ಗುರುತು ಸಿಗುತ್ತಿಲ್ಲವಂತೆ.
ಅವರ ತಲೆ ನಡುಗುತ್ತದೆ, ಬೇಡ ಬೇಡ ಅನ್ನುವ ಹಾಗೆ,
ಯಾರೂ ಏನೂ ಕೇಳದಿದ್ದರೂ.
ನನ್ನ ಬಾಯಿ ಅಭ್ಯಾಸದಂತೆ ತೆರೆಯಿತು. ಮುಚ್ಚಿದೆ.
ಫ್ಲ್ಯಾಶಿಗೆ ಬೆಚ್ಚಿ ಕಣ್ಣು ಮುಚ್ಚಿದರು, ಎರಡನೆಯದಕ್ಕೂ, ಮೂರನೆಯದಕ್ಕೂ.
"ನಿನಗೆ ಫಿಲ್ಮು ದಂಡ, ಮೋಳೆ" ಅಂದರು.

ಮಾಳಿಗೆಯ ಬಯಲಿಗೆ ಕರೆದೊಯ್ದೆ.
ಸುಣ್ಣದ ಗೋಡೆ, ಹತ್ತು ಗಂಟೆಯ ಬಿಸಿಲು,
ಕೆಳಗಿಂದ ಬನ್ನಿನ ವಾಸನೆ.
ಚಕ್ರ ತಿರುಗಿಸಿದೆ, ಟಿಕ್.
ಮಡಿಕೇರಿ ಬಸ್ಸುಗಳ ಮಾತೆತ್ತಿದೆ, ಕ್ಯೂರಿಂಗಿನ ಮೇಸ್ತ್ರಿಯ ಮಾತೆತ್ತಿದೆ,
ಅವರು ಬಯ್ಯತೊಡಗಿದರು.
ತಟ್ಟದ ಸೆರಗು ಗಾಳಿಗೆ ಮುಖಕ್ಕೆ ಅಡ್ಡ ಬಂತು;
ಚೌಕ ಅವರ ಕಣ್ಣು ಬಿಡಲಿಲ್ಲ.
ಆಚೆ, ಈಚೆ, ಆಚೆ.
ಹೆಬ್ಬೆರಳು ಜೊತೆಗೇ ಹೋಯಿತು.

ಹನ್ನೊಂದು ಚಿತ್ರ.
ಕಂಪ್ಯೂಟರಿನ ಮುಂದೆ ಕೂರಿಸಿದೆ.
ಕನ್ನಡಕ ಹಾಕಲಿಲ್ಲ. ತಲೆ ಅದರ ಪಾಡಿಗೆ ಅಲ್ಲಾಡುತ್ತಿತ್ತು,
ನೋಟ ಅಲ್ಲಾಡಲಿಲ್ಲ.
ನಡುಗುವ ಬೆರಳಿನಿಂದ ಒಂದೊಂದನ್ನೇ ಪಕ್ಕಕ್ಕೆ ತಳ್ಳಿದರು:
ಕರಿ. ಕರಿ. ಒಡಕು. ಇದಕ್ಕೆ ಹುಳ ಬಿದ್ದಿದೆ.
ನಾನು ಮನಸ್ಸಿನಲ್ಲೇ ಆರಿಸಿಟ್ಟಿದ್ದೂ ಕರಿಯಾಗಿ ಹೋಯಿತು.
ಎಂಟನೆಯದರ ಹತ್ತಿರ ನಿಂತರು.
ಬಾಯಿ ಬೈಗುಳದ ನಡುವೆ, ಕಣ್ಣು ನೇರ.
"ಇದು ಏ ಗ್ರೇಡು. ಇದನ್ನು ಕಳಿಸು."
ಬಾಯಿ ತೆರೆದಿದ್ದರೆ ಆಫೀಸಿನವರು ಒಪ್ಪುವುದಿಲ್ಲ, ಅಂದೆ.
"ಒಪ್ಪುತ್ತಾರೆ" ಅಂದರು.
ಒಪ್ಪಿದರೋ ಇಲ್ಲವೋ, ಹೇಳಲು ಅವರು ಮತ್ತೆ ಬರಲಿಲ್ಲ.

ಈಗ ಭಾನುವಾರ ರಾತ್ರಿ,
ಆರುನೂರ ನಲವತ್ತು ರೀವಗಳನ್ನು ಹರಡಿಕೊಂಡು ಕೂತಿದ್ದೇನೆ.
ಕರಿ. ಕರಿ. ಒಡಕು.
ಕರಿ.