ಬಿಲ್ಲು ನಂಬರು ೩೪೨

ಕಲ್ಲಿಕೋಟೆಯ ಮಿಕ್ಸಿ ಕಂಪನಿಗೆ
ಬಳಕೆಯ ಕೈಪಿಡಿ ಕನ್ನಡ ಮಾಡಿಕೊಟ್ಟೆ.
ಅವರ ‘ಅರಯ್ಕುಕ’ ನಮ್ಮ ‘ಅರೆ’ಯೇ.
ಅಂಥ ಪದಕ್ಕೂ ದುಡ್ಡು ಕೇಳಲು ಸ್ವಲ್ಪ ನಾಚಿಕೆ.

ಇನ್‌ವಾಯ್ಸ್ ಕಳಿಸಿ ಎಂದರು.
ಪುಕ್ಕಟೆ ಎಂದ ಜಾಲತಾಣ ಬಾಗಿಲಲ್ಲೇ ತಡೆಯಿತು:
ಇಮೇಲು, ಮೊಬೈಲು, ಸಂಸ್ಥೆಯ ಹೆಸರು,
ನೌಕರರು ಎಷ್ಟು?
ನಾನೊಬ್ಬಳು. ಬೆಕ್ಕನ್ನು ಹಿಡಿಯಬೇಕೋ ಬೇಡವೋ.
ಓಟಿಪಿ ಬರುವಷ್ಟರಲ್ಲಿ ಕುಂಬಳೆಗೆ ಕುಂಬಳೆಯೇ ಕರೆಂಟಿಲ್ಲ.

ಕೆಳಗಿನ ಅಂಗಡಿ ಮುಚ್ಚುವಾಗ
ಟೈಲರ್ ಮಮ್ಮುಂಞಿಕ್ಕ ಕೊಟ್ಟುಹೋದ ಬಿಲ್ ಪುಸ್ತಕವಿತ್ತು,
ಅರ್ಧ ಖಾಲಿ, ಕಾರ್ಬನ್ ಹಾಳೆ ಸಮೇತ,
‘ಮಗಳಿಗೆ ಗೀಚಲಿಕ್ಕಾದೀತು’ ಎಂದು.
ಮುನ್ನೂರ ನಲವತ್ತೆರಡನೆಯದು ನನ್ನದು.
ಒಳ್ಳೆಯದೇ ಆಯಿತು.
ಒಂದು ಎಂದಿದ್ದರೆ ಬೋಣಿಯೆಂದು ತಿಳಿದು
ಚೌಕಾಶಿಗೆ ಇಳಿಯುತ್ತಿದ್ದರು.

ಉದ್ದ ಎಂಬಲ್ಲಿ ಪದಗಳು: ೪೧೮೦.
ಎದೆ ಎಂಬಲ್ಲಿ ದರ: ಒಂದೂಕಾಲು ರೂಪಾಯಿ.
ಸೊಂಟಕ್ಕೆ ಏನೂ ಹೊಳೆಯದೆ
ಬ್ಯಾಂಕ್ ಖಾತೆಯ ನಂಬರು ಸುತ್ತಿದೆ.
ತೋಳು ಖಾಲಿ.
ಒಟ್ಟು ಐದು ಸಾವಿರದ ಇನ್ನೂರ ಇಪ್ಪತ್ತೈದು.
ಕಿಟಕಿಯ ಬೆಳಕಲ್ಲಿ ಫೋಟೋ ಹಿಡಿದು ಕಳಿಸಿದೆ.
ಅಡಿಪ್ರತಿ ಪುಸ್ತಕದಲ್ಲೇ ಉಳಿಯಿತು, ನೀಲಿ.

ಸಂಜೆ ಲೆಕ್ಕ ಬರೆಯುವ ಶ್ರೀಷ್ಮಾಳ ಫೋನು, ಮಲಯಾಳದಲ್ಲಿ:
ಚೇಚಿ, ಎಲ್ಲ ಸರಿಯುಂಟು,
ಅಡಿಯಲ್ಲಿ ಕನ್ನಡದಲ್ಲಿ ಏನೋ ಅಚ್ಚಾಗಿದೆಯಲ್ಲ, ಏನದು?

ನೋಡಿದೆ.
‘ಮೂರು ತಿಂಗಳೊಳಗೆ ಒಯ್ಯದ ಬಟ್ಟೆಗೆ
ನಾವು ಜವಾಬ್ದಾರರಲ್ಲ.’

ಅದಾ? ಎಂದೆ. ಷರತ್ತು.
ಹದಿನೈದು ದಿನದೊಳಗೆ ಹಣ ಹಾಕತಕ್ಕದ್ದು.

ಹದಿನಾಲ್ಕನೇ ದಿನ ಬಂತು.
ಆ ಒಂದು ಸಾಲಿನ ಅನುವಾದಕ್ಕೆ ಮಾತ್ರ
ನಾನು ಏನೂ ತೆಗೆದುಕೊಂಡಿಲ್ಲ.