ಇನ್ನೂರು ಹಲ್ಲು

ಉಮದಿಯೊಳಗ ಅವತ್ತ ಕರೆಂಟ ಇರಲಿಲ್ಲ.
ಬಾಗಲ ಬೆಳಕಿಗೆ ಮೂಗುತಿ ಹಿಡದು ಕುಂತಿದ್ದೆ.
ಮಾಳಪ್ಪ ಬಂದ, ಕಂಬಳಿಯೊಳಗಿಂದ ನೀಲಿ ಡಬ್ಬಿ ತಗದ.
ಡಬ್ಬಿಯೊಳಗ ಮಕಮಲ್ಲು, ಮಕಮಲ್ಲಿನ ಕುಣಿಯೊಳಗ ನಾಣ್ಯ.
"ನೋಡು ಪತ್ತಾರ, ನಮ್ಮ ಲಡಾಯಿ ನೆನಪಿಗೆ
ದಿಲ್ಲಿಯೊಳಗ ಮೇಜು ತಟ್ಟಿ ಕಾಯ್ದೆ ಪಾಸ ಮಾಡ್ಯಾರ."
"ಫುಕಟ ಕೊಟ್ಟರೇನು?"
"ನಾಕ ಸಾವಿರದ ಮ್ಯಾಲ ಆತು. ಪೆನ್ಶನ್ನಿನಾಗ ಕಟ್ಟೀನಿ."
ನಾಣ್ಯದ ಮ್ಯಾಲ ಬರದದ್ದು ನೂರು ರೂಪಾಯಿ.

ಕಾಯ್ದೆಯ ಕಾಗದನೂ ತಂದಿದ್ದ, ನಾಕ ಮಡಿಕಿ.
ಒಂದು ಮಗ್ಗಲ ಹಿಂದಿ, ಒಂದು ಮಗ್ಗಲ ಇಂಗ್ಲೀಷು.
ಮಾಸ್ತರ ಮರಾಠಿಯೊಳಗ ತಿಳಿಸಿದ್ದನ್ನ
ಮಾಳಪ್ಪ ನನಗ ಕನ್ನಡದಾಗ ಒಪ್ಪಿಸಿದ:
ಅಡ್ಡಳತಿ ನಲವತ್ನಾಕ ಮಿಲಿಮೀಟರ,
ತೂಕ ಮೂವತ್ತೈದು ಗ್ರಾಮ,
ಬೆಳ್ಳಿ ಅರ್ಧ, ತಾಮ್ರ ನಲವತ್ತು ಪಾಲು,
ನಿಕ್ಕಲ್ಲು ಐದು, ಸತುವು ಐದು,
ಅಂಚಿಗೆ ಹಲ್ಲು ಇನ್ನೂರು.

ತೂಗಿದೆ. ಸರಿಯಾಗಿ ಮೂರು ತೊಲಿ.
ಒರೆಗಲ್ಲಿಗೆ ಹಚ್ಚಲಿಲ್ಲ.
ಅರ್ಧ ಅಂತ ಅವರ ಒಪ್ಪಿಕೊಂಡಾರ,
ನಮ್ಮ ದಂಧೆದಾಗ ಅಷ್ಟು ಸುದ್ದ ಯಾರೂ ಒಪ್ಪೂದಿಲ್ಲ.

ಒಂದು ಮುಖಕ್ಕ ಸಿಂಹ. ಇನ್ನೊಂದಕ್ಕ
ಗುಡ್ಡದ ತುದಿ, ಬಾವುಟ, ಬಂದೂಕ ಹಿಡದ ಜವಾನ.
"ಯಾವನೋ ಇಂವ," ಅಂದ ಮಾಳಪ್ಪ, "ಮೀಸಿ ಛಲೋ ತೀಡ್ಯಾರ.
ನಾ ಬಂದೂಕ ಹಿಡದಾವ ಅಲ್ಲ.
ಹೇಸರಗತ್ತಿಯ ಹಗ್ಗ ಹಿಡದಾವ."

ಕುರಿ ಕಾಯೂ ಹುಡುಗ ಅಂತ ಭರತಿಯೊಳಗ ಗೊತ್ತಾಗಿ
ಅದನ್ನ ಇವನ ಕೈಗೆ ಕೊಟ್ಟರಂತ.
ಗೊರಸಿನ ಮ್ಯಾಲ ಸುಟ್ಟ ನಂಬರು ಮುನ್ನೂರಾ ಹದಿನೇಳು.
ಹೆಸರ ಇಡಬ್ಯಾಡ ಅಂತ ಹವಾಲ್ದಾರ ಹೇಳಿದ್ದ.
ಇಂವ ಇಟ್ಟ. ಏನು ಅಂತ ನನಗ ಹೇಳಲಿಲ್ಲ.
ಒಂಬತ್ತು ರಾತ್ರಿ ನೀರು, ಮದ್ದು ಹೊತ್ತು ಏರೇತಿ,
ಇಳಿಯೂ ಮುಂದ ಮಂದಿನ್ನ ಹೊತ್ತು ಇಳದೇತಿ.
ಹತ್ತನೇ ರಾತ್ರಿ ಮಾಳಪ್ಪನ ಎಡಗಿವಿ ಹೋತು.
ಅದು ಪೂರಾ ಹೋತು.
ಹಗ್ಗ ಮಾತ್ರ
ಬೆಳಗಾಗೂತನಕ ಕೈಯಾಗ ಇತ್ತಂತ.

"ಇಲ್ಲೆ ಖಾಲಿ ಐತಿ," ಅಂದ, ಜವಾನನ ಕಾಲಬುಡಕ್ಕ ಬೆರಳಿಟ್ಟು,
"ಆ ನಂಬರ ಕೆತ್ತು."
"ಸರ್ಕಾರದ ನಾಣ್ಯ, ಮಾಳಪ್ಪಣ್ಣ. ಕೆತ್ತಿದರ ಜೇಲು.
ಅದಕ್ಕೂ ಒಂದು ಕಾಯ್ದೆ ಐತಿ."
ಬಲಗಿವಿ ನನ್ನ ಕಡೆ ತಿರುವಿ ಮತ್ತೊಮ್ಮೆ ಕೇಳಿಸಿಕೊಂಡ.
"ಹೊಯ್ಯಾಕೂ ಕಾಯ್ದೆ, ಮುಟ್ಟಬ್ಯಾಡ ಅನ್ನಾಕೂ ಕಾಯ್ದೆ."
ಸಿಟ್ಟಿಗೇಳಲಿಲ್ಲ. ಕಂಬಳಿ ಸರಿ ಮಾಡಿಕೊಂಡ.

ಚಾ ತರಿಸಿದೆ.
ರಸ್ತೆ ನೋಡತಾ ಅಂವ ಕುಡಿಯೂದರೊಳಗ
ಮೂಗುತಿಯ ತಿರುಪಿಗೆ ಹಾಕೂ ಸಣ್ಣ ಅರ ತಗೊಂಡೆ.
ಇನ್ನೂರರಾಗ ಒಂದು ಹಲ್ಲು.
ಮೂರು ಎಳತಕ್ಕ ಹೋತು.
ಬಟ್ಟೆಯ ಮ್ಯಾಲ ಬಿದ್ದ ಪುಡಿ, ಅರ್ಧ ಬೆಳ್ಳಿ,
ಊದಲಿಲ್ಲ, ಅಂಗಡಿಯ ಪುಡಿಯೊಳಗ ಕೂಡಿಸಲೂ ಇಲ್ಲ.

ಏನು ಮಾಡಿದಿ ಅಂತ ಅಂವ ಕೇಳಲಿಲ್ಲ.
ಹೆಬ್ಬೆಟ್ಟಿನ ಉಗುರು ಅಂಚಿಗೆ ಹಚ್ಚಿ
ತಿರುಗಿಸತಾ ಹೋದ, ಕರ್‍ರ್ ಕರ್‍ರ್ ಕರ್‍ರ್,
ಸಂಜಿಗೆ ಹಟ್ಟಿ ಹೊಗೂ ಕುರಿ ಎಣಿಸಿದಂಗ,
ಒಂದ ಕಡೆ ಉಗುರು ಜಾರಿತು.

ನಿಂತ.
ಅಲ್ಲೇ ಹಿಂದ ಮುಂದ ತಡವಿದ.
ತುಟಿ ಅಲುಗಿತು, ಎರಡಕ್ಷರವೋ ಮೂರೋ.
ನನಗ ಕೇಳಿಸಲಿಲ್ಲ. ಹೊರಗ ಜತ್ತದ ಎಸ್‌ಟಿ ಬಂದಿತ್ತು,
ಕಂಡಕ್ಟರ ಮರಾಠಿಯೊಳಗ
ನಮ್ಮ ಊರುಗಳ ಹೆಸರು ಕೂಗತಿದ್ದ.