ಕರಿಗೆರೆ, ನೀಲಿಗೆರೆ

ನೀರಿದ್ದರೆ ನೀಲಿ, ಇಲ್ಲದಿದ್ದರೆ ಕಪ್ಪು.
ಕೋರಮಂಗಲದ ನಮ್ಮ ನಕ್ಷೆಕೋಣೆಯಲ್ಲಿ
ಹಳ್ಳಗಳಿಗೆ ಇದ್ದದ್ದು ಎರಡೇ ಜಾತಿ.
ಬನ್ನೇರುಘಟ್ಟದ ಹಾಳೆಯಲ್ಲಿ ಒಂದು ಗೆರೆ,
ಹುಬ್ಬಿನಷ್ಟುದ್ದ,
ಮೂವತ್ತು ವರ್ಷದಿಂದ ಕಪ್ಪು.
"ಹೋಗಿ ನೋಡಿ ಬನ್ನಿ" ಎಂದರು.
ಏಪ್ರಿಲ್ ತಿಂಗಳು. ಹಳ್ಳದ ಪರ ಸಾಕ್ಷಿ ಹುಡುಕಲು
ಒಳ್ಳೆಯ ಕಾಲವಲ್ಲ.

ಜೊತೆಗೆ ಬಂದವನು ಇರುಳಿಗರ ಕದಿರಯ್ಯ, ಕಾಡಿನ ಕಾವಲಿನವನು.
ನನ್ನ ಬಳಿ ಟೇಪು, ದಿಕ್ಸೂಚಿ, ಎರಡು ಬಾಟಲಿ ನೀರು.
ಅವನ ಬಳಿ ಕುಡುಗೋಲು, ಮಡಿಲಲ್ಲಿ ಹುಣಸೆಹಣ್ಣು.

ಹಳ್ಳ ಹುಟ್ಟುವುದು ಬೋಳುಬಂಡೆಯ ಮೇಲೆ.
ಹುಟ್ಟು ಎನ್ನುವಂಥ ಹುಟ್ಟೇನಲ್ಲ,
ಕಲ್ಲಿನ ನೆತ್ತಿಯಲ್ಲೊಂದು ಬೈತಲೆ.
ಪಡುವಣಕ್ಕೆ ಬಿದ್ದ ಹನಿ ಅರ್ಕಾವತಿಗೆ,
ಮೂಡಣಕ್ಕೆ ಬಿದ್ದದ್ದು ಪಿನಾಕಿನಿಗೆ.
ಕದಿರಯ್ಯ ಸರಿಯಾಗಿ ಬೈತಲೆಯ ಮೇಲೆ ಉಗುಳಿದ.
ಇಬ್ಬರೂ ಕಾದೆವು.
ಎತ್ತಲೂ ಹೋಗದೆ ಆರಿಹೋಯಿತು.

ಅಲ್ಲಿಂದ ಇಳಿಜಾರು.
ಹೂಬಿಟ್ಟು ಸತ್ತ ಬಿದಿರುಮೆಳೆ,
ಬಂಡೆಯನ್ನು ಬೆರಳುಬೆರಳಾಗಿ ಅಪ್ಪಿದ ಹೊಳೆಮತ್ತಿಯ ಬೇರು.
ನಾನು ಅಗಲ ಅಳೆದೆ: ಐದಡಿ, ಏಳು, ಮತ್ತೆ ಮೂರು.
ಉದ್ದ ಅವನು ಹೇಳಿದ:
"ಇಲ್ಲಿಂದ ಕರಡಿಗುಂಡಿ ಒಂದು ಕೂಗಳತೆ.
ಅಲ್ಲಿಂದ ಉಡದ ಮಡು ಎಲ್ಡು ಕೂಗು.
ಆನೆ ಇದ್ರೆ ಕೂಗಂಗಿಲ್ಲ,
ಆಗ ದೂರ ಜಾಸ್ತಿ."
ತಿರುವು ತಿರುವಿಗೂ ಒಂದು ಹೆಸರು.
ಇಡೀ ಹಳ್ಳಕ್ಕೆ ಏನಂತೀರಿ ಎಂದೆ.
"ಇಡೀದ್ನ ಯಾರು ಕರೀತಾರವ್ವ?"

ಮಧ್ಯಾಹ್ನ ಸಿಂಹ ಗರ್ಜಿಸಿತು,
ಬೇಲಿಯಾಚೆ, ಸಫಾರಿಯದು.
ಮರದ ಮೇಲಿನ ಮುಸುವ ಹೇನು ಹೆಕ್ಕುತ್ತಲೇ ಇತ್ತು.
"ಅದು ಕೊಳಾಯಿ ನೀರಿಂದು" ಎಂದ ಕದಿರಯ್ಯ,
ಬೇರೆ ಕುಲದವರ ಬಗ್ಗೆ ಹೇಳುವಂತೆ.

ಉಡದ ಮಡುವಿನಲ್ಲಿ ಮಡುವಿರಲಿಲ್ಲ.
ಮರಳು. ಚಪ್ಪಲಿಯೊಳಗೂ ಸುಡುವ ಮರಳು.
ಪುಸ್ತಕ ತೆಗೆದು ಬರೆದೆ: ಕಪ್ಪು.
ಪೆನ್ನಿನ ಟೋಪಿ ಹಾಕುವ ಮೊದಲೇ ಅವನು ತೋಳು ಹಿಡಿದು ನಿಲ್ಲಿಸಿದ.
ಎದುರಿಗೆ ಬಾಣಲೆಯಗಲದ ಒಂದು ಗುಂಡಿ,
ರಾತ್ರಿ ಆನೆ ತೋಡಿಕೊಂಡ ಒರತೆ.
ಅಂಚಿನಲ್ಲಿ ದೊಡ್ಡ ಹೆಜ್ಜೆಯೊಳಗೆ ಚಿಕ್ಕ ಹೆಜ್ಜೆ.
ಒಳಗೆ ನೀರು.

ಹರಿಯುತ್ತಿರಲಿಲ್ಲ. ನಿಂತಿತ್ತು ಎನ್ನಲೂ ಆಗದು.
ಬೊಗಸೆಯಲ್ಲಿ ತೆಗೆದರೆ
ಎಂಟೆಣಿಸುವಷ್ಟರಲ್ಲಿ ಅದೇ ಮಟ್ಟಕ್ಕೆ ಬಂದು
ಸುಮ್ಮನಾಗುತ್ತಿತ್ತು.
ಮತ್ತೆ ತೆಗೆದೆ, ಮತ್ತೆ ಎಂಟು.
ನನ್ನ ಬಾಟಲಿಯದು ಬಿಸಿ, ಇದು ಹಲ್ಲು ಜುಮ್ಮೆನ್ನುವಷ್ಟು ತಂಪು.
"ಸಾಕು, ಅವಕ್ಕೂ ಬಿಡಿ" ಎಂದ.
ಹಿಂದೆ ಸರಿದೆವು. ಮೊದಲು ಬಂದದ್ದು ಜೇನ್ನೊಣ.

ಸಂಜೆ ಆನೆಕಂದಕದ ಬಳಿ ಕಾಡು ಮುಗಿಯಿತು.
ಆಚೆ ಕಲ್ಲು ನೆಟ್ಟ ಸೈಟುಗಳು,
ನಡುವೆ ಇದೇ ಹಳ್ಳ, ಸಿಮೆಂಟಿನ ಅಂಗಿ ತೊಟ್ಟು,
ನೊರೆನೊರೆಯಾಗಿ, ಏಪ್ರಿಲ್ ಬಿಸಿಲಲ್ಲೂ ದಡ ಮುಟ್ಟಿ,
ಸೋಪಿನ ವಾಸನೆಯೊಂದಿಗೆ.
ನಿಯಮದ ಪ್ರಕಾರ
ಅದು ನೀಲಿ.

ಬಳಿದೆ. ಸಂಬಳದ ಕೆಲಸ.
ಕಾಡಿನ ಉದ್ದಕ್ಕೂ ಕರಿಗೆರೆ, ಕಂದಕದಿಂದಾಚೆ ನೀಲಿ.
ಮರಳಿನ ಹತ್ತಿರ ಮಾತ್ರ ಯಾವ ಶಾಯಿಯನ್ನೂ ತಾಗಿಸದೆ
ಎಳ್ಳಿನಷ್ಟು ಬಿಳಿ ಬಿಟ್ಟೆ.
ತಪಾಸಣೆಯವರು ಕೈತಪ್ಪೆಂದುಕೊಂಡು ಸೇರಿಸಿಬಿಟ್ಟರು.

ನಿವೃತ್ತಿಯ ದಿನ ಆ ಹಾಳೆಯ ಒಂದು ಪ್ರತಿ ದುಡ್ಡು ಕೊಟ್ಟು ತಂದೆ.
ಭೂತಗನ್ನಡಿ ಹಿಡಿದರೆ ಬೆಸುಗೆ ಕಾಣುತ್ತದೆ.
ಬೇಸಿಗೆಯಲ್ಲಿ ಒಮ್ಮೊಮ್ಮೆ
ಅಲ್ಲಿ ಬೆರಳಿಟ್ಟು
ಎಂಟರವರೆಗೆ ಎಣಿಸುತ್ತೇನೆ.